ಕೈಯಲ್ಲಿ ಒತ್ತಿದರೆ 17, ತಾನಾಗಿ ಓಡಿದರೆ 13: ನಮ್ಮ ಸ್ಯಾಪ್-1ಗೆ ಏನಾಗಿದೆ?

ತಂತಿಜಾಲ
ಎಲ್ಲರಿಗೂ ನಮಸ್ಕಾರ. ನಾಲ್ಕನೇ ಸೆಮ್ ಮಿನಿ ಪ್ರಾಜೆಕ್ಟ್‌ಗೆ ನಾವು ಮೂವರು ಸೇರಿ ಬ್ರೆಡ್‌ಬೋರ್ಡ್ ಮೇಲೆ ಸ್ಯಾಪ್-1 ಕಟ್ಟುತ್ತಿದ್ದೇವೆ. ಪಠ್ಯದಲ್ಲಿ ಬರುವ ಅದೇ ಪುಟಾಣಿ ಕಂಪ್ಯೂಟರ್. 8 ಬಿಟ್ ಬಸ್ (ಎಲ್ಲ ಭಾಗಗಳೂ ಹಂಚಿಕೊಳ್ಳುವ ತಂತಿಗಳು), 16 ಬೈಟ್ ಮೆಮೊರಿ, ಎಲ್‌ಡಿಎ (ಮೆಮೊರಿಯಿಂದ ಎ ರಿಜಿಸ್ಟರ್‌ಗೆ ತುಂಬು), ಆಡ್, ಸಬ್, ಔಟ್, ಹಾಲ್ಟ್ ಅಂತ ಐದೇ ಐದು ಇನ್‌ಸ್ಟ್ರಕ್ಷನ್. ಎ ಮತ್ತು ಬಿ ರಿಜಿಸ್ಟರ್‌ಗೆ 74ಎಲ್‌ಎಸ್173 ಎರಡೆರಡು, ಕೂಡಿಸುವುದಕ್ಕೆ 74ಎಲ್‌ಎಸ್283 ಎರಡು, ಕಳೆಯುವುದಕ್ಕೆ ಬಿ ಕಡೆ 74ಎಲ್‌ಎಸ್86, ಪ್ರೋಗ್ರಾಂ ಕೌಂಟರ್ 74ಎಲ್‌ಎಸ್161. ಕಂಟ್ರೋಲ್ ಭಾಗಕ್ಕೆ ಮಾತ್ರ ಪಠ್ಯದಲ್ಲಿರುವ ಗೇಟುಗಳ ಕಾಡು ಬೇಡ ಅಂತ 28ಸಿ16 ಮೆಮೊರಿ ಚಿಪ್ ಎರಡು ಹಾಕಿ, ಆರ್ಡುಯಿನೊದಿಂದ ಬರೆದಿದ್ದೇವೆ.

ಪ್ರೋಗ್ರಾಂ ಇಷ್ಟೇ. 14ನೇ ವಿಳಾಸದಲ್ಲಿ 9 ಇದೆ, 15ರಲ್ಲಿ 4 ಇದೆ, ಎರಡನ್ನೂ ಕೂಡಿಸಿ ಎಲ್‌ಇಡಿಯಲ್ಲಿ ತೋರಿಸಬೇಕು.

0000 : 0000 1110
0001 : 0001 1111
0010 : 1110 0000
0011 : 1111 0000

13 ಬರಬೇಕು. 555 ಕ್ಲಾಕ್‌ನಲ್ಲಿ ಬಿಟ್ಟರೆ (ಸೆಕೆಂಡಿಗೆ ಸುಮಾರು 7 ಪಲ್ಸ್) ಪ್ರತಿ ಸಲವೂ 13 ಬರುತ್ತದೆ. ಆದರೆ ಬಟನ್ ಒತ್ತುತ್ತಾ ಒಂದೊಂದೇ ಹೆಜ್ಜೆ ನಡೆಸಿದರೆ ಒಮ್ಮೊಮ್ಮೆ 13, ಒಮ್ಮೊಮ್ಮೆ 17, ನಿನ್ನೆ ಒಂದು ಸಲ 21. ನಿಧಾನ ಮಾಡಿದಷ್ಟೂ ಸರಿ ಬರಬೇಕಲ್ವಾ? ಇಲ್ಲಿ ಉಲ್ಟಾ. 283 ಎರಡು ಸಲ ಬದಲಾಯಿಸಿ ಹಳೆಯವನ್ನು ಲ್ಯಾಬಿನ ಕೆಟ್ಟ ಐಸಿ ಡಬ್ಬಿಗೆ ಹಾಕಿದ್ದೂ ಆಯಿತು. ಮುಂದಿನ ಶುಕ್ರವಾರ ಡೆಮೊ. ದಾರಿ ತೋರಿಸಿ.

ಅರ್ಧ ಆಡರ್
ಐಸಿ ಬದಲಾಯಿಸುವ ಮೊದಲು ವೋಲ್ಟೇಜ್ ಅಳೆದಿರಾ? ಉದ್ದ ಬ್ರೆಡ್‌ಬೋರ್ಡುಗಳಲ್ಲಿ ಬದಿಯ ಕೆಂಪು ಗೆರೆ, ನೀಲಿ ಗೆರೆ ಮಧ್ಯದಲ್ಲಿ ತುಂಡಾಗಿರುತ್ತವೆ. ಮೇಲೆ ಬಣ್ಣ ನೋಡಿದರೆ ಪೂರ್ತಿ ಇದೆ ಅನ್ನಿಸುತ್ತದೆ, ಒಳಗೆ ಕೆಲವು ಬೋರ್ಡಿನಲ್ಲಿ ಇರುವುದಿಲ್ಲ. ಮಲ್ಟಿಮೀಟರ್ ಹಿಡಿದು ಪ್ರತಿ ಐಸಿಯ ಪವರ್ ಪಿನ್ ಮೇಲೇ ಅಳೆಯಿರಿ, ಸಪ್ಲೈ ಹತ್ತಿರ ಅಳೆದು 5 ಬಂತು ಅಂತ ಸುಮ್ನೆ ಆಗಬೇಡಿ. ಎಲ್‌ಎಸ್ ಐಸಿಗೆ 4.75ಕ್ಕಿಂತ ಕೆಳಗೆ ಹೋಗಬಾರದು.

ಪ್ರತಿ ಐಸಿ ಪಕ್ಕ 104 (0.1 ಮೈಕ್ರೊಫ್ಯಾರಡ್) ಕೆಪಾಸಿಟರ್ ಇದೆಯಾ? ಇಲ್ಲದಿದ್ದರೆ ಅದೇ ಮೊದಲ ಕೆಲಸ. ಆಮೇಲೆ 283ರ ಪಿನ್ ಕ್ರಮ ಇನ್ನೊಂದು ಸಲ ನೋಡಿ, ಎ1 ಎ2 ಎ3 ಅಂತ ಸಾಲಾಗಿ ಇಲ್ಲ ಅದರಲ್ಲಿ, ಚೆಲ್ಲಾಪಿಲ್ಲಿ ಇದೆ. ನಾನು ಅದರಲ್ಲೇ ಒಂದು ಇಡೀ ಭಾನುವಾರ ಕಳೆದಿದ್ದೇನೆ.

ಎಸ್.ಪಿ. ರೋಡ್ ಸುತ್ತಾಟ
ಕೇಳಬೇಕೆನಿಸಿತು, ಮೆಮೊರಿಗೆ 74ಎಲ್‌ಎಸ್189 ಸಿಕ್ಕಿತಾ ನಿಮಗೆ? ನಾನು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ನಾಲ್ಕು ಅಂಗಡಿ ಸುತ್ತಿ ಬರಿಗೈಯಲ್ಲಿ ಬಂದೆ. ಒಬ್ಬರು 89 ಕೊಟ್ಟು ಇದೇ ಅಂದರು.

ತಂತಿಜಾಲ
ಸಿಗಲಿಲ್ಲ ಅಣ್ಣ. 6116 ಹಾಕಿದ್ದೇವೆ. ಅದರಲ್ಲಿ 11 ಅಡ್ರೆಸ್ ಪಿನ್, ನಮಗೆ ಬೇಕಿರುವುದು 4, ಉಳಿದ 7 ಗ್ರೌಂಡ್‌ಗೆ. ಎರಡು ಸಾವಿರ ಬೈಟ್ ಮನೆ ಬಾಡಿಗೆಗೆ ತಗೊಂಡು 16 ಬೈಟಿನ ಮೂಲೆಯಲ್ಲಿ ಮಲಗಿದ ಹಾಗೆ. ಒಂದು ಲಾಭ ಅಂದರೆ 189 ತರಹ ಬರೆದದ್ದನ್ನು ಉಲ್ಟಾ ಮಾಡಿ ಕೊಡುವುದಿಲ್ಲ, ಇನ್ವರ್ಟರ್ ಸಾಲು ಉಳಿಯಿತು.

ಅರ್ಧ ಆಡರ್ ಅವರೇ, ಥ್ಯಾಂಕ್ಸ್. ನೀವು ಹೇಳಿದ್ದು ನಿಜ, ಒಂದು ಬೋರ್ಡಿನ ಪವರ್ ಗೆರೆ ಮಧ್ಯದಲ್ಲಿ ತುಂಡಾಗಿತ್ತು. ಆಚೆ ಕಡೆಗೆ ಬೇರೆ ಬೋರ್ಡಿನಿಂದ ಉದ್ದ ತಂತಿಯಲ್ಲಿ ಬಳಸಿಕೊಂಡು ಕರೆಂಟ್ ಹೋಗುತ್ತಿತ್ತು, ಅಲ್ಲಿ 4.3 ವೋಲ್ಟ್. ಸರಿಮಾಡಿದೆವು, ಈಗ ಎಲ್ಲ ಕಡೆ 4.9. ಕೆಪಾಸಿಟರ್‌ಗಳನ್ನೂ ಹಾಕಿದೆವು. ಬಟನ್‌ನಲ್ಲಿ 20 ಸಲ ಓಡಿಸಿ ಬರೆದುಕೊಂಡೆವು: 13 ಬಂದದ್ದು 14 ಸಲ, 17 ಬಂದದ್ದು 6. ಕಡಿಮೆ ಆಯಿತು, ಹೋಗಲಿಲ್ಲ.

ಲಾಜಿಸಿಮ್ ಲೋಕ
ಇದನ್ನೇ ಲಾಜಿಸಿಮ್‌ನಲ್ಲಿ (ಸರ್ಕ್ಯೂಟ್ ಸಿಮ್ಯುಲೇಟರ್) ಮೊದಲು ಮಾಡಿ ನೋಡಿದ್ದೀರಾ? ನಾನು ಲಾಜಿಸಿಮ್ ಎವಲ್ಯೂಷನ್‌ನಲ್ಲಿ ಮಾಡಿದ್ದೇನೆ. ನನ್ನದರಲ್ಲಿ ಬಸ್ ಕೆಂಪಗಾಗಿ ಎರಡು ದಿನ ತಲೆ ಕೆಟ್ಟಿತ್ತು. ನೋಡಿದರೆ ಸ್ಪ್ಲಿಟರ್‌ನಲ್ಲಿ ಕಂಟ್ರೋಲ್ ಬಿಟ್‌ಗಳ ಕ್ರಮ ತಿರುಗಿತ್ತು, ಹಾಗಾಗಿ ಎ ರಿಜಿಸ್ಟರೂ ಮೆಮೊರಿಯೂ ಒಟ್ಟಿಗೇ ಬಸ್ ಮೇಲೆ ಕೂಗುತ್ತಿದ್ದವು. ನೀಲಿ ಕಂಡರೆ ಯಾರೂ ಮಾತಾಡುತ್ತಿಲ್ಲ, ಕೆಂಪು ಕಂಡರೆ ಇಬ್ಬರು ಜಗಳವಾಡುತ್ತಿದ್ದಾರೆ, ಕಿತ್ತಳೆ ಕಂಡರೆ ತಂತಿಗಳ ಅಗಲ ಹೊಂದುತ್ತಿಲ್ಲ. ಬ್ರೆಡ್‌ಬೋರ್ಡ್ ಇಷ್ಟೆಲ್ಲ ಬಣ್ಣ ಹಚ್ಚಿ ಹೇಳುವುದಿಲ್ಲ.

ತಂತಿಜಾಲ
ಮಾಡಿದ್ದೇವೆ. ಅಲ್ಲಿ ಕೈಯಲ್ಲಿ ಒತ್ತಿದರೂ 13, ಓಡಿಸಿದರೂ 13. ಅದಕ್ಕೇ ಡಿಸೈನ್ ಸರಿ ಇದೆ, ಆಡರ್ ಐಸಿಯೇ ಕೆಟ್ಟಿದೆ ಅಂತ ನಮ್ಮ ವಾದ.

ಬಸ್ ತಪ್ಪಿದವನು
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನೂ ಎಲ್‌ಎಸ್ ಐಸಿಗಳಲ್ಲೇ ಕಟ್ಟುತ್ತಿದ್ದೇನೆ. ಬಸ್ ಮೇಲೆ ಯಾರೂ ಇಲ್ಲದಾಗ ಎ ರಿಜಿಸ್ಟರ್‌ಗೆ ತುಂಬಿಸಿದರೆ 0 ಬರಬೇಕು ಅಂತ 10 ಕಿಲೊ ಓಮ್ ಎಂಟು ರೆಸಿಸ್ಟರ್ ಗ್ರೌಂಡ್‌ಗೆ ಹಾಕಿದೆ. ಆದರೂ 255 ಬರುತ್ತಿದೆ. ಎಲ್ಲ ಬಿಟ್ 1.

ಹಳೇ ಲ್ಯಾಬ್ ಮೇಷ್ಟ್ರು
ಬಸ್ ತಪ್ಪಿದವರಿಗೆ ಮೊದಲು. ಎಲ್‌ಎಸ್ ಇನ್‌ಪುಟ್ ಪಿನ್ ಸುಮ್ನೆ ಕೂರುವುದಿಲ್ಲ, ಅದನ್ನು ಕೆಳಕ್ಕೆ ಎಳೆದರೆ ಅದೇ ಹೊರಗೆ ಕರೆಂಟ್ ಬಿಡುತ್ತದೆ, ಡೇಟಾಶೀಟ್ ಪ್ರಕಾರ ಹೆಚ್ಚೆಂದರೆ 0.4 ಮಿಲಿಆಂಪ್. ಅಷ್ಟು ಕರೆಂಟ್ 10 ಕಿಲೊ ಓಮ್ ಮೂಲಕ ಹೋದರೆ ಲೆಕ್ಕಕ್ಕೆ 4 ವೋಲ್ಟ್ ಆಯಿತು. ನಿಜದಲ್ಲಿ ಅಷ್ಟು ಏರುವುದಿಲ್ಲ, ಆದರೆ 0 ಅಂತ ಒಪ್ಪಿಕೊಳ್ಳಲು 0.8ಕ್ಕಿಂತ ಕೆಳಗಿರಬೇಕು, ಅಲ್ಲಿಗಂತೂ ಇಳಿಯುವುದಿಲ್ಲ. 1 ಕಿಲೊ ಓಮ್ ಹಾಕುತ್ತೀನಿ ಅನ್ನಬೇಡಿ, ಒಂದೊಂದು ಬಸ್ ತಂತಿಗೆ ನಾಲ್ಕೈದು ಇನ್‌ಪುಟ್ ತೂಗುತ್ತಿರುತ್ತವೆ, ಎಲ್ಲ ಸೇರಿ ಮತ್ತೆ 2 ವೋಲ್ಟ್. ಎಚ್‌ಸಿ ಸರಣಿಯ ಐಸಿ ಆಗಿದ್ದರೆ ನಿಮ್ಮ 10 ಕಿಲೊ ಓಮ್ ಧಾರಾಳ ಸಾಕಿತ್ತು. ಸ್ಯಾಪ್-1ರಲ್ಲಿ ಖಾಲಿ ಬಸ್ ಓದುವ ಹೆಜ್ಜೆಯೇ ಇಲ್ಲ, ಹಾಗಾಗಿ ಅದನ್ನು ಬಿಟ್ಟುಬಿಡಿ.

ಇದರ ತಂಗಿಯಂಥ ಇನ್ನೊಂದು ತಪ್ಪು: 173ರ 15ನೇ ಪಿನ್ ಕ್ಲಿಯರ್. ಅದಕ್ಕೆ 1 ಕೊಟ್ಟರೆ ಅಳಿಸುತ್ತದೆ. ಬಹಳ ಹುಡುಗರು ಅದನ್ನು ಗಾಳಿಯಲ್ಲಿ ಬಿಡುತ್ತಾರೆ. ಗಾಳಿಯಲ್ಲಿ ಬಿಟ್ಟ ಎಲ್‌ಎಸ್ ಪಿನ್ ತನ್ನನ್ನು 1 ಅಂತಲೇ ಅಂದುಕೊಳ್ಳುತ್ತದೆ. ರಿಜಿಸ್ಟರ್ ಸದಾ 0.

ಈಗ ತಂತಿಜಾಲ. ತಮ್ಮಾ, ನಿನ್ನ ಮೂರು ಉತ್ತರಗಳನ್ನು ಪಕ್ಕಪಕ್ಕ ಬರೆದು ನೋಡಿದ್ದೀಯಾ? 13, 17, 21. ಕೆಟ್ಟ ಐಸಿ ಇಷ್ಟು ಶಿಸ್ತಾಗಿ ತಪ್ಪು ಮಾಡುವುದಿಲ್ಲ. ಬಿಟ್ ಒಂದು ಅಂಟಿಕೊಂಡಿದ್ದರೆ ಪ್ರತಿ ಸಲವೂ ಒಂದೇ ತಪ್ಪು ಬರಬೇಕಿತ್ತು. ತಂತಿ ಸಡಿಲ ಇದ್ದರೆ ಉತ್ತರ ಎಲ್ಲೆಲ್ಲೋ ಹಾರಬೇಕಿತ್ತು. ಒಂದು ಕೆಲಸ ಮಾಡು, 15ನೇ ವಿಳಾಸದಲ್ಲಿ 4 ತೆಗೆದು 1 ಹಾಕು. ಬೇರೆ ಏನನ್ನೂ ಮುಟ್ಟಬೇಡ. ಬಟನ್‌ನಲ್ಲಿ ಇಪ್ಪತ್ತು ಸಲ ಓಡಿಸಿ ಬಂದದ್ದನ್ನು ಇಲ್ಲಿ ಬರೆ.

ತಂತಿಜಾಲ
ಸರ್, 9 ಮತ್ತು 1. ಬರಬೇಕಾದದ್ದು 10. ಬಂದದ್ದು 10 ಹದಿಮೂರು ಸಲ, 11 ಆರು ಸಲ, 12 ಒಂದು ಸಲ. ಮೈ ಜುಂ ಅಂತು.

ಅಂದರೆ ಎರಡೆರಡು ಸಲ ಕೂಡಿಸುತ್ತಿದೆಯಾ?

ಹಳೇ ಲ್ಯಾಬ್ ಮೇಷ್ಟ್ರು
ಹೌದು. ಆಡರ್ ಪಾಪದ್ದು, ಅದು ಯಾವತ್ತೂ ಎ ಮತ್ತು ಬಿ ಎರಡರ ಮೊತ್ತವನ್ನು ಹಿಡಿದುಕೊಂಡೇ ನಿಂತಿರುತ್ತದೆ. ಟಿ6ರಲ್ಲಿ, ಅಂದರೆ ಇನ್‌ಸ್ಟ್ರಕ್ಷನ್‌ನ ಆರನೇ, ಕೊನೆಯ ಹೆಜ್ಜೆಯಲ್ಲಿ, ಆ ಮೊತ್ತ ಬಸ್‌ಗೆ ಬಂದು ಎ ಒಳಗೆ ಹೋಗುತ್ತದೆ. ಹೋದ ತಕ್ಷಣ ಎ 13 ಆಯಿತು, ಆಡರ್ ಆಗಲೇ 17 ತೋರಿಸುತ್ತಾ ಕಾಯುತ್ತಿದೆ. ಆ ಟಿ6 ಮುಗಿಯುವುದರೊಳಗೆ ಎ ರಿಜಿಸ್ಟರ್‌ಗೆ ಇನ್ನೊಂದು ಕ್ಲಾಕ್ ಅಂಚು (0ಯಿಂದ 1ಕ್ಕೆ ಏರುವ ಕ್ಷಣ) ಕಂಡರೆ 17 ಒಳಗೆ ಬಂತು. ಮೂರನೆಯದು ಕಂಡರೆ 21.

ಅರ್ಧ ಆಡರ್
ಹಾಗಾದರೆ ಇದು ಬಟನ್ ಬೌನ್ಸ್ ಅಷ್ಟೇ, ಒಂದು ಸಲ ಒತ್ತಿದರೆ ಒಳಗಿನ ಲೋಹ ಪುಟಿದು ಹಲವು ಸಲ ಒತ್ತಿದಂತೆ ಆಗುವುದು. ಆದರೆ ಒಂದು ಅರ್ಥ ಆಗುತ್ತಿಲ್ಲ ಸರ್. ಬೌನ್ಸ್ ಆದರೆ ಹೆಜ್ಜೆ ಎಣಿಸುವ ಟಿ ಕೌಂಟರೂ ಎರಡು ಹೆಜ್ಜೆ ಹಾರಬೇಕಲ್ವಾ, ಟಿ6ರಿಂದ ಟಿ1 ದಾಟಿ ಟಿ2ಕ್ಕೆ? ಆಗ ಇಡೀ ಪ್ರೋಗ್ರಾಂ ಎಕ್ಕುಟ್ಟಿ ಹೋಗಬೇಕಿತ್ತು. ಉತ್ತರ ಇಷ್ಟು ಚೊಕ್ಕವಾಗಿ 17 ಬರುತ್ತಿರಲಿಲ್ಲ.

ತಂತಿಜಾಲ
ಟಿ ಎಲ್‌ಇಡಿಗಳು ಒಂದು ಸಲವೂ ಹಾರಿಲ್ಲ. ಅದಕ್ಕೇ ನಾವು ಬಟನ್ ಮೇಲೆ ಅನುಮಾನ ಪಡಲಿಲ್ಲ. ಬೌನ್ಸ್ ಆಗದಿರಲಿ ಅಂತ ಕೆಪಾಸಿಟರೂ ಹಾಕಿದ್ದೇವೆ.

ಗೇಟು ಕಾಯುವವಳು
ಆ ಕೆಪಾಸಿಟರ್ ಬಗ್ಗೆ ಸ್ವಲ್ಪ ಹೇಳಿ. ಎಲ್ಲಿಂದ ಎಲ್ಲಿಗೆ, ಎಷ್ಟು? ಬಟನ್‌ನಿಂದ ಕ್ಲಾಕ್ ಯಾವ ಯಾವ ಐಸಿಗೆ ಹೇಗೆ ಹೋಗುತ್ತದೆ? (ನಾನು ಹೊಟ್ಟೆಪಾಡಿಗೆ ಚಿಪ್ ವೆರಿಫಿಕೇಶನ್ ಮಾಡುತ್ತೇನೆ. ಇಂಥ ಪ್ರಶ್ನೆ ಕೇಳಿಯೇ ಸಂಬಳ.)

ತಂತಿಜಾಲ
ಮೇಡಂ, 5 ವೋಲ್ಟ್‌ನಿಂದ 10 ಕಿಲೊ ಓಮ್ ಬಂದು ಕ್ಲಾಕ್ ತಂತಿಗೆ ಸೇರುತ್ತದೆ. ಅಲ್ಲಿಂದ ಬಟನ್ ಗ್ರೌಂಡ್‌ಗೆ. ಬಟನ್‌ಗೆ ಅಡ್ಡವಾಗಿ 0.1 ಮೈಕ್ರೊಫ್ಯಾರಡ್. ಆ ತಂತಿ ನೇರವಾಗಿ ಎ, ಬಿ, ಐಆರ್ (ಇನ್‌ಸ್ಟ್ರಕ್ಷನ್ ರಿಜಿಸ್ಟರ್), ಎಂಎಆರ್ (ಮೆಮೊರಿ ಅಡ್ರೆಸ್ ರಿಜಿಸ್ಟರ್), ಔಟ್, ಪ್ರೋಗ್ರಾಂ ಕೌಂಟರ್ ಎಲ್ಲದಕ್ಕೂ. ಟಿ ಕೌಂಟರ್‌ಗೆ ಮಾತ್ರ 74ಎಲ್‌ಎಸ್04 ಮೂಲಕ ಉಲ್ಟಾ ಮಾಡಿ ಕೊಟ್ಟಿದ್ದೇವೆ. ರಿಜಿಸ್ಟರ್‌ಗಳು ಏರುವ ಅಂಚಿನಲ್ಲಿ ತುಂಬಿಕೊಳ್ಳಬೇಕು, ಕಂಟ್ರೋಲ್ ಅದಕ್ಕೆ ಅರ್ಧ ಕ್ಲಾಕ್ ಮೊದಲೇ ಬದಲಾಗಿ ಸ್ಥಿರವಾಗಿರಬೇಕು ಅಂತ. 555 ಬೇಕೆಂದಾಗ ಬಟನ್ ತಂತಿ ಕಿತ್ತು ಅಲ್ಲಿಗೆ 555ರ ಔಟ್‌ಪುಟ್ ಚುಚ್ಚುತ್ತೇವೆ.

ಗೇಟು ಕಾಯುವವಳು
ಸಿಕ್ಕಿತು. ಬಟನ್ ಒತ್ತಿದಾಗ ಏನಾಗುತ್ತದೆ? ಕೆಪಾಸಿಟರ್ ನೇರ ಗ್ರೌಂಡ್‌ಗೆ ಖಾಲಿಯಾಗುತ್ತದೆ, ಚಕ್ಕನೆ. ಇದು ಇಳಿಯುವ ಅಂಚು, ನಿಮ್ಮ ಟಿ ಕೌಂಟರ್ ಮುಂದೆ ಹೋಗುವುದು ಇದರ ಮೇಲೆ. ಅಂಚು ಚೂಪಾಗಿದೆ, ಹಾಗಾಗಿ ಅದು ಹಾರುತ್ತಿಲ್ಲ.

ಬಟನ್ ಬಿಟ್ಟಾಗ? ಈಗ ಕೆಪಾಸಿಟರ್ 10 ಕಿಲೊ ಓಮ್ ಮೂಲಕ ತುಂಬಬೇಕು. 10 ಕಿಲೊ ಓಮ್ ಗುಣಿಸು 0.1 ಮೈಕ್ರೊಫ್ಯಾರಡ್, ಅಂದರೆ 1 ಮಿಲಿಸೆಕೆಂಡ್ ಲೆಕ್ಕದಲ್ಲಿ ನಿಧಾನವಾಗಿ ಏರುತ್ತದೆ. ಇದು ಏರುವ ಅಂಚು. ನಿಮ್ಮ ಅಷ್ಟೂ ರಿಜಿಸ್ಟರ್‌ಗಳು ಇದರ ಮೇಲೆ ನಿಂತಿವೆ. ಎಲ್‌ಎಸ್ ಐಸಿ 0 ಮತ್ತು 1ರ ನಡುವೆ ಮನಸ್ಸು ಬದಲಾಯಿಸುವುದು ಸುಮಾರು 1.3 ವೋಲ್ಟ್ ಹತ್ತಿರ. ಆ ಜಾಗದಲ್ಲಿ ನಿಮ್ಮ ಕ್ಲಾಕ್ ಬರೀ 20 ಮಿಲಿವೋಲ್ಟ್ ಏರುವುದಕ್ಕೆ 5 ಮೈಕ್ರೊಸೆಕೆಂಡ್ ತಗೊಳ್ಳುತ್ತದೆ. ಈ ಐಸಿಗಳು ಪ್ರತಿಕ್ರಿಯಿಸುವುದು ಹತ್ತಿಪ್ಪತ್ತು ನ್ಯಾನೊಸೆಕೆಂಡಿನಲ್ಲಿ. ಅವುಗಳ ಕಣ್ಣಿಗೆ ಅದು ಅಂಚೇ ಅಲ್ಲ, ನಂದಿಬೆಟ್ಟದ ರಸ್ತೆ.

ಈಗ ಮಜಾ ನೋಡಿ. ಕ್ಲಾಕ್ 1.3 ಮುಟ್ಟಿತು, ಎ ರಿಜಿಸ್ಟರ್ 9 ಬಿಟ್ಟು 13 ಹಿಡಿಯಿತು. ಹಿಡಿಯುವಾಗ ಅದರ ಔಟ್‌ಪುಟ್ ಬದಲಾಯಿತು, ಎಲ್‌ಇಡಿ ಬದಲಾಯಿತು, ಆಡರ್ ಬದಲಾಯಿತು, ಬಸ್ ಬದಲಾಯಿತು. ಅಷ್ಟೂ ಕರೆಂಟ್ ಅದೇ ಸಣ್ಣ ಗ್ರೌಂಡ್ ತಂತಿಯಲ್ಲಿ ಹೋಗಬೇಕು. ಆ ಬೋರ್ಡಿನ ಗ್ರೌಂಡ್ ಒಂದು ಕ್ಷಣ ಕುಣಿಯಿತು. ಐಸಿ ಕ್ಲಾಕ್ ಅಳೆಯುವುದು ತನ್ನ ಗ್ರೌಂಡ್‌ಗೆ ಹೋಲಿಸಿ ತಾನೇ? ಹಾಗಾಗಿ ಇನ್ನೂ 1.3ರ ಹೊಸ್ತಿಲಲ್ಲೇ ಇರುವ ಕ್ಲಾಕ್ ಒಂದು ಸಲ ಕೆಳಗೆ ಹೋಗಿ ಮತ್ತೆ ಮೇಲೆ ಬಂದ ಹಾಗೆ ಅದಕ್ಕೆ ಕಂಡಿತು. ಎರಡನೇ ಅಂಚು. 17. ಎ ರಿಜಿಸ್ಟರ್ ತನ್ನ ಕಾಲಿಗೆ ತಾನೇ ಎಡವುತ್ತಿದೆ. 104 ಕೆಪಾಸಿಟರ್ ಹಾಕಿದಾಗ ತಪ್ಪು ಕಡಿಮೆ ಆದದ್ದೂ ಇದಕ್ಕೇ.

ಬೇರೆ ರಿಜಿಸ್ಟರ್‌ಗಳಿಗೂ ಎರಡೆರಡು ಅಂಚು ಹೋಗುತ್ತಿರಬಹುದು, ಆದರೆ ಬಿ ರಿಜಿಸ್ಟರ್‌ಗೆ 4ನ್ನು ಎರಡು ಸಲ ತುಂಬಿಸಿದರೂ 4 ತಾನೇ. ಎಲ್‌ಡಿಎಗೂ ಅಷ್ಟೇ. ಹಳೆಯ ಬೆಲೆಯ ಮೇಲೆ ಹೊಸ ಬೆಲೆ ನಿಂತಿರುವ ಕಡೆ ಮಾತ್ರ ಇದು ಸಿಕ್ಕಿಬೀಳುತ್ತದೆ. ಅಂಥವು ನಿಮ್ಮಲ್ಲಿ ಎರಡೇ. ಕೂಡಿಸುವ ಅಥವಾ ಕಳೆಯುವ ಹೊತ್ತಿನ ಎ ಒಂದು. ಇನ್ನೊಂದು ಪ್ರೋಗ್ರಾಂ ಕೌಂಟರ್. ಅದು ಯಾವತ್ತಾದರೂ ಒಂದು ಇನ್‌ಸ್ಟ್ರಕ್ಷನ್ ನುಂಗಿದೆಯಾ?

ತಂತಿಜಾಲ
ಅಯ್ಯೋ. ನುಂಗಿದೆ ಮೇಡಂ. ಎರಡು ಮೂರು ಸಲ ಔಟ್ ಬರದೇ ನೇರ ಹಾಲ್ಟ್ ಆಗಿತ್ತು. ನಮ್ಮಲ್ಲಿ ಒಬ್ಬನಿಗೆ "ನಿನ್ನ ಬೆರಳು ಎರಡು ಸಲ ಒತ್ತುತ್ತೆ" ಅಂತ ಬೈದು ಅವನ ಕೈಯಿಂದ ಬಟನ್ ಕಿತ್ತುಕೊಂಡಿದ್ದೆವು. ಈಗ ಅವನಿಗೆ ಮಸಾಲೆ ದೋಸೆ ಕೊಡಿಸಬೇಕು.

ಲಾಜಿಸಿಮ್ ಲೋಕ
ಇದು ಲಾಜಿಸಿಮ್‌ನಲ್ಲಿ ಯಾವತ್ತೂ ಸಿಗುತ್ತಿರಲಿಲ್ಲ ಅಲ್ವಾ? ಅಲ್ಲಿ ಕ್ಲಾಕ್ 0 ಇಲ್ಲವೇ 1, ನಡುವೆ ಬೆಟ್ಟದ ರಸ್ತೆ ಇಲ್ಲ.

ಗೇಟು ಕಾಯುವವಳು
ಸಿಗುತ್ತಿರಲಿಲ್ಲ. ಹಾಗಂತ ಅದನ್ನು ಬಿಡಬೇಡಿ. ಅಲ್ಲಿ ಸರಿ ಬಂದದ್ದರಿಂದಲೇ ತರ್ಕ ಸರಿ ಇದೆ, ತಪ್ಪು ತಂತಿಯಲ್ಲೋ ವೋಲ್ಟೇಜಿನಲ್ಲೋ ಇದೆ ಅಂತ ನಮಗೆ ಗೊತ್ತಾಯಿತು. ಅರ್ಧ ಕೆಲಸ ಮುಗಿದ ಹಾಗೆ. ತಂತಿಜಾಲ ಅದನ್ನು ಐಸಿ ಕೆಟ್ಟಿದೆ ಅಂತ ಓದಿಕೊಂಡರು, ಅಲ್ಲಿ ದಾರಿ ತಪ್ಪಿತು.

ಹಳೇ ಲ್ಯಾಬ್ ಮೇಷ್ಟ್ರು
ಮದ್ದು ಸುಲಭ. 74ಎಲ್‌ಎಸ್14 ತಾ. ಅದರಲ್ಲಿ ಆರು ಶ್ಮಿಟ್ ಟ್ರಿಗರ್ ಇನ್ವರ್ಟರ್ ಇವೆ. ಏರುವಾಗ ಸುಮಾರು 1.6 ವೋಲ್ಟ್‌ನಲ್ಲಿ ಮನಸ್ಸು ಬದಲಾಯಿಸುತ್ತದೆ, ಇಳಿಯುವಾಗ 0.8ಕ್ಕೆ ಬರುವ ತನಕ ಜಪ್ಪಯ್ಯ ಅಂದರೂ ಬದಲಾಯಿಸುವುದಿಲ್ಲ. ನಡುವಿನ ಕುಣಿತ ಅದಕ್ಕೆ ಲೆಕ್ಕಕ್ಕಿಲ್ಲ. ಬಟನ್ ಮತ್ತು ಕೆಪಾಸಿಟರ್ ಹಾಗೇ ಇರಲಿ, ಅದರ ಮುಂದೆ 14ರ ಒಂದು ಗೇಟು, ಆಮೇಲೆ ಇನ್ನೊಂದು ಗೇಟು ಹಾಕಿ ಕ್ಲಾಕ್ ತಂತಿಗೆ ಕೊಡು. ಒಂದೇ ಹಾಕಿದರೆ ಉಲ್ಟಾ ಆಗುತ್ತದೆ, ಬಿಟ್ಟಾಗ ಆಗುತ್ತಿದ್ದದ್ದು ಒತ್ತಿದಾಗ ಆಗುತ್ತದೆ. ಅದೂ ನಡೆಯುತ್ತದೆ, ಗೊತ್ತಿರಲಿ ಅಂತ ಹೇಳಿದೆ.

ಇನ್ನೊಂದು. ನಿನ್ನ ಕ್ಲಾಕ್ ತಂತಿಯಲ್ಲಿ ಹತ್ತು ಹನ್ನೆರಡು ಇನ್‌ಪುಟ್ ಇವೆ. ಮೇಲಿನ ಮಟ್ಟದಲ್ಲಿ ಒಂದೊಂದು ಹೆಚ್ಚೆಂದರೆ 20 ಮೈಕ್ರೊಆಂಪ್ ಎಳೆದರೂ ಹತ್ತಕ್ಕೆ 0.2 ಮಿಲಿಆಂಪ್ ಆಯಿತು, 10 ಕಿಲೊ ಓಮ್ ಮೇಲೆ 2 ವೋಲ್ಟ್ ಹೋಯಿತು. ನಿನ್ನ "1" ಅಂದರೆ 3 ವೋಲ್ಟ್. ದಾಟುತ್ತದೆ, ಆದರೆ ಏದುಸಿರು ಬಿಡುತ್ತಾ. ಒಂದು ಎಲ್‌ಎಸ್ ಗೇಟು 20 ಇನ್‌ಪುಟ್ ಎಳೆಯಬಲ್ಲದು, ಅದಕ್ಕೇ ಗೇಟಿನಿಂದ ಕೊಡಬೇಕು.

ಎಸ್.ಪಿ. ರೋಡ್ ಸುತ್ತಾಟ
74ಎಲ್‌ಎಸ್14 ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ನಾಲ್ಕು ತಂದಿಟ್ಟುಕೊಳ್ಳಿ. 74ಎಚ್‌ಸಿ14 ಕೊಟ್ಟರೆ? ಅದೂ ಆಗುತ್ತದಾ ಸರ್?

ಹಳೇ ಲ್ಯಾಬ್ ಮೇಷ್ಟ್ರು
ಇಲ್ಲಿ ಆಗುತ್ತದೆ. ಬಟನ್ ತಂತಿ ಪೂರ್ತಿ 0ಯಿಂದ 5ರ ತನಕ ಹೋಗುತ್ತದೆ, ಹಾಗಾಗಿ ತೊಂದರೆ ಇಲ್ಲ. ಆದರೆ ಎಲ್‌ಎಸ್ ಐಸಿಯ ಔಟ್‌ಪುಟ್ ತಗೊಂಡು ಎಚ್‌ಸಿ ಇನ್‌ಪುಟ್‌ಗೆ ಕೊಡುವಾಗ ಹುಷಾರು. ಎಲ್‌ಎಸ್ 1 ಅಂತ ಕೊಡುವುದು ಕಡಿಮೆ ಅಂದರೆ 2.7 ವೋಲ್ಟ್, ಎಚ್‌ಸಿ 1 ಅಂತ ಒಪ್ಪುವುದಕ್ಕೆ ಸುಮಾರು 3.5 ಕೇಳುತ್ತದೆ. ಅಲ್ಲಿ ಎಚ್‌ಸಿಟಿ ಬೇಕು. ಅದರ ಕೊನೆಯ ಟಿ ಸುಮ್ನೆ ಇಟ್ಟದ್ದಲ್ಲ.

ತಂತಿಜಾಲ
74ಎಲ್‌ಎಸ್14 ಹಾಕಿದೆವು, ಎರಡು ಗೇಟು. ಬಟನ್‌ನಲ್ಲಿ 50 ಸಲ. ಐವತ್ತೂ 13! ಮೂವರೂ ಸರದಿಯಲ್ಲಿ ಒತ್ತಿದೆವು, ಬೈಸಿಕೊಂಡವನ ಬೆರಳಿನಿಂದಲೇ 30 ಸಲ ಒತ್ತಿಸಿದೆವು.

ಖುಷಿ ಹತ್ತು ನಿಮಿಷ. ಆಮೇಲೆ ಆಡ್ ತೆಗೆದು ಸಬ್ ಹಾಕಿದರೆ 9ರಲ್ಲಿ 4 ಕಳೆದು 4 ಬರುತ್ತಿದೆ. ಬಟನ್‌ನಲ್ಲೂ 4, 555ರಲ್ಲೂ 4. ಪ್ರತಿ ಸಲವೂ ಸರಿಯಾಗಿ ಒಂದು ಕಡಿಮೆ.

ತಡೆಯಿರಿ, ಯಾರೂ ಹೇಳಬೇಡಿ. ಈ ಸಲ ನಾವೇ ನೋಡುತ್ತೇವೆ.

ಅರ್ಧ ಆಡರ್
ಬಾಯಿಗೆ ಬೀಗ. (ನನ್ನ ಹೆಸರೇ ಸುಳಿವು.)

ಬಸ್ ತಪ್ಪಿದವನು
ಅಷ್ಟರಲ್ಲಿ ನನ್ನದು: ಎಂಟು ರೆಸಿಸ್ಟರ್ ಕಿತ್ತು ಹಾಕಿದೆ. ಬೋರ್ಡ್ ನೋಡಲು ಎಷ್ಟು ಹಗುರ ಕಾಣುತ್ತಿದೆ ಅಂದರೆ ಇನ್ನೂ ಏನಾದರೂ ಕಿತ್ತುಹಾಕೋಣ ಅನ್ನಿಸುತ್ತಿದೆ. 173ರ 15ನೇ ಪಿನ್ ಕೂಡ ನೋಡಿದೆ ಸರ್. ಐಆರ್‌ನಲ್ಲಿ ಒಂದು ಗಾಳಿಯಲ್ಲಿತ್ತು. ಯಾವ ಪ್ರೋಗ್ರಾಂ ಹಾಕಿದರೂ ಎಲ್‌ಡಿಎ ಆಗುತ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯಿತು, ಎಲ್‌ಡಿಎ ಅಂದರೆ 0000 ಅಲ್ವಾ.

ತಂತಿಜಾಲ
ಸಬ್ ಸಿಕ್ಕಿತು. ಬಿ ರಿಜಿಸ್ಟರ್‌ನ ಎಲ್ಲ ಬಿಟ್ ಉಲ್ಟಾ ಮಾಡಿದರೆ ಸಾಲದು, ಒಂದು ಕೂಡಿಸಬೇಕು. ಆ ಒಂದು ಬರಬೇಕಾದದ್ದು ಕೆಳಗಿನ 283ರ 7ನೇ ಪಿನ್, ಅಂದರೆ ಕ್ಯಾರಿ ಇನ್ (ಅರ್ಧ ಆಡರ್‌ಗೆ ಇಲ್ಲದ ಪಿನ್ ಅದೇ) ಮೂಲಕ. ನಾವು ಅದನ್ನು ಗ್ರೌಂಡ್‌ಗೆ ಕಟ್ಟಿದ್ದೆವು. 74ಎಲ್‌ಎಸ್86 ಎಕ್ಸ್‌ಓಆರ್ ಗೇಟುಗಳಿಗೆ ಹೋಗುವ ಸಬ್ ತಂತಿಯನ್ನೇ ಅಲ್ಲಿಗೂ ಎಳೆದೆವು. ಕೂಡಿಸುವಾಗ 0, ಕಳೆಯುವಾಗ 1. ಈಗ 5.

ಲಾಜಿಸಿಮ್‌ನಲ್ಲಿ ಇದು ಯಾಕೆ ಕಾಣಲಿಲ್ಲ ಅಂದರೆ ಅಲ್ಲಿ ನಾವು ಸಬ್ ಓಡಿಸಿಯೇ ಇರಲಿಲ್ಲ. ಹೇಳಿಕೊಳ್ಳಲು ನಾಚಿಕೆ.

ಅರ್ಧ ಆಡರ್
ಆ ಪಿನ್ ಗಾಳಿಯಲ್ಲಿ ಬಿಟ್ಟಿದ್ದರೆ ಇನ್ನೂ ತಮಾಷೆ ಆಗುತ್ತಿತ್ತು. ಮೇಷ್ಟ್ರು ಹೇಳಿದ ಹಾಗೆ ಅದು ತನ್ನನ್ನು 1 ಅಂದುಕೊಳ್ಳುತ್ತದೆ, ಆಗ ಸಬ್ ಸರಿ ಬಂದು ಆಡ್ 14 ಬರುತ್ತಿತ್ತು. ನನ್ನದು ಹಾಗೇ ಇತ್ತು. ನಾನು ಆಡ್ ಬಿಟ್ಟು ಸಬ್ ಮಾತ್ರ ಡೆಮೊ ಕೊಡೋಣ ಅಂತ ಪ್ಲಾನ್ ಹಾಕಿದ್ದೆ.

ಗೇಟು ಕಾಯುವವಳು
ತಂತಿಜಾಲ, ಶುಕ್ರವಾರದ ಮೊದಲು 4ರಲ್ಲಿ 9 ಕಳೆದು ನೋಡಿ. 1111 1011 ಬರಬೇಕು, ಅಂದರೆ ಮೈನಸ್ 5. ಡೆಮೊದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.

ತಂತಿಜಾಲ
ಬಂತು ಮೇಡಂ, 1111 1011. ಡೆಮೊನೂ ಆಯಿತು. ಕೇಳಿದರು, ಅದನ್ನೇ ಕೇಳಿದರು.

ಒಂದು ವಿಷಯ ಹೇಳಿ ಮುಗಿಸುತ್ತೇನೆ. ನಾನು ಡಬ್ಬಿಗೆ ಹಾಕಿದ್ದ ಆ ಎರಡು 283 ತೆಗೆದು ಇವತ್ತು ಬೋರ್ಡಿಗೆ ಹಾಕಿದೆ. ಎರಡೂ ಸರಿ ಇವೆ, ಬಟನ್‌ನಲ್ಲೂ 13. ತೆಗೆಯುವಾಗ ನೋಡಿದರೆ ಆ ಡಬ್ಬಿಯಲ್ಲಿ ಬೇರೆ ಬ್ಯಾಚ್‌ನವರು ಹಾಕಿದ 283 ಇನ್ನೂ ಏಳು ಬಿದ್ದಿವೆ. ಲ್ಯಾಬಿನ ಸಿಂಗಲ್ ಸ್ಟೆಪ್ ಬೋರ್ಡ್ ತಿರುಗಿಸಿ ಹಿಂದೆ ನೋಡಿದೆ: 10 ಕಿಲೊ ಓಮ್, ಬಟನ್, ಒಂದು 104. ನಾವು ನಮ್ಮದನ್ನು ಕಾಪಿ ಹೊಡೆದದ್ದೇ ಅದನ್ನು ನೋಡಿ. ಸೋಮವಾರ ಆ ಏಳನ್ನೂ ಒಂದೊಂದಾಗಿ ಹಾಕಿ ನೋಡುತ್ತೇನೆ.